ನೀರು ಸೋಕದ ಡಬ್ಬಗಳು

ನಮ್ಮಜ್ಜಿಯ ಮನೆಯಲ್ಲಿ ತಲೆಗೆ ಹಾಕಿಕೊಳ್ಳುವ ಸಾಮಾನುಗಳಿಗೆಂದೇ ನಡುಮನೆಯ ಗೋಡೆಯಲ್ಲಿ ಒಂದು ಗೂಡಿತ್ತು. ಸೀಗೆಪುಡಿ ತುಂಬಿದ ದೊಡ್ಡ ತಗಡಿನ ಡಬ್ಬ, ಚಿಗರೆಪುಡಿಯ ಚಿಕ್ಕ ಡಬ್ಬ, ಹರಳೆಣ್ಣೆಯ ಶೀಶೆ, ಸೊಪ್ಪು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಗೆ ಇನ್ನೊಂದು ಶೀಶೆ. ಮನೆಯ ಹೆಂಗಸರ ಉದ್ದುದ್ದ ಜಡೆಗಳ ಆರೈಕೆಯೆಲ್ಲ ಈ ಗೂಡಿನಿಂದಲೇ ನಡೆಯುತ್ತಿತ್ತು. ಅದಕ್ಕಿದ್ದ ಕಟ್ಟುಪಾಡು ಒಂದೇ, ಒದ್ದೆ ಕೈ ಅತ್ತ ಹೋಗಕೂಡದು. “ನೀರ್ ತಾಕುದ್ರ ಕೆಟ್ಟೋಯ್ತದ ಕನ ಕೂಸು, ಕೈ ಒರುಸ್ಕೊ” ಎಂದು ಅಜ್ಜಿ ಗದರುವುದನ್ನು ಕೇಳಿ ಕೇಳಿ, ಇದೂ ಒಂದು ಬಗೆಯ ಮಡಿ ಇರಬೇಕೆಂದು ನಾವು ಮಕ್ಕಳು ತಿಳಿದಿದ್ದೆವು. ಪುಡಿ ತೆಗೆಯಲು ಒಂದು ಒಣಗಿದ ತೆಂಗಿನ ಚಿಪ್ಪು ಡಬ್ಬದೊಳಗೇ ಇರುತ್ತಿತ್ತು. ಆ ಚಿಪ್ಪು ಬಚ್ಚಲಿನ ಮುಖ ಕಂಡದ್ದಿಲ್ಲ.

ಊರು ಯಳಂದೂರಿನ ಆಸುಪಾಸಿನದು. ಒಂದು ಕಡೆ ಸುವರ್ಣಾವತಿಯ ನೀರುಂಡ ಗದ್ದೆ ಬಯಲು, ಇನ್ನೊಂದು ಕಡೆ ಕಲ್ಲು ಮೊರಡಿ, ಅದರಾಚೆ ಬಿಳಿಗಿರಿರಂಗನ ಬೆಟ್ಟ. ತಲೆಗೆ ಬೇಕಾದ್ದು ಈ ಮೂರೂ ಕಡೆಯಿಂದ ಬರುತ್ತಿತ್ತು. ಗದ್ದೆ ಬದುವಿನಿಂದ ಗರಗದ ಸೊಪ್ಪು, ಮೊರಡಿಯಿಂದ ಚಿಗರೆ, ಬೆಟ್ಟದಿಂದ ಸೀಗೆ. ಮೆಂತ್ಯ, ಕಚೋರ, ಕೊಬ್ಬರಿ ಎಣ್ಣೆ ಇಷ್ಟಕ್ಕೆ ಮಾತ್ರ ಅಂಗಡಿ.

ಸೀಗೆಯನ್ನು ಎಲ್ಲರೂ ಬಲ್ಲರು, ಚಿಗರೆಯನ್ನು ಹಾಗಲ್ಲ. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ನೆರೆಯ ಶಿರಸಿಯವರೊಬ್ಬರಿಗೆ ಚಿಗರೆಪುಡಿ ತೋರಿಸಿದರೆ ಅವರು ಗೋರಂಟಿಯೇ ಎಂದು ಕೇಳಿದರು. ಅವರ ಕಡೆ ದಾಸವಾಳದ ಎಲೆ ಕಿವುಚಿ ಮಾಡುವ ಗೊಂಪು ಮಾಡುವ ಕೆಲಸವನ್ನೇ ನಮ್ಮ ಒಣಭೂಮಿಯಲ್ಲಿ ಚಿಗರೆ ಮಾಡುತ್ತದೆ. ಮೈಸೂರು, ಮಂಡ್ಯ, ಚಾಮರಾಜನಗರ, ತುಮಕೂರು ಸೀಮೆಯ ಕಲ್ಲುನೆಲದಲ್ಲಿ ತಾನಾಗಿ ಬೆಳೆಯುವ ಮರ ಅದು. ಸುಜ್ಜಲು ಎಂತಲೂ ಕರೆಯುತ್ತಾರೆ, ಗಡಿಯಾಚೆಯ ತಮಿಳರು ಅರಪ್ಪು ಎನ್ನುತ್ತಾರೆ. ಪುಟ್ಟ ಪುಟ್ಟ ಎಲೆಯ ಗರಿಗಳನ್ನು ಕೊಯ್ದು ನೆರಳಲ್ಲೇ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಬಣ್ಣ ಹೋಗಿ ಹುಲ್ಲಿನ ಹುಡಿಯಾಗುತ್ತದೆ. ನೆರಳಲ್ಲಿ ಒಣಗಿದ್ದನ್ನು ಕುಟ್ಟಿ ಜರಡಿ ಹಿಡಿದರೆ ಹಸಿರು ಪುಡಿ. ಅದಕ್ಕೆ ನೀರು ಹಾಕಿ ಕೈಯಲ್ಲಿ ಕಲಸಿದರೆ ಮೊದಲು ಮಣ್ಣಿನಂತೆ ಒರಟು, ಆಮೇಲೆ ಬೆರಳ ಸಂದಿಯಿಂದ ಜಾರಿಹೋಗುವಷ್ಟು ಲೋಳೆ. ಸೀಗೆ ಎಣ್ಣೆಯನ್ನು ಚೊಕ್ಕವಾಗಿ ತೆಗೆದು ಕೂದಲನ್ನು ಕೊಂಚ ಬಿರುಸಾಗಿಸಿ ಬಿಟ್ಟರೆ, ಚಿಗರೆ ಆ ಬಿರುಸನ್ನು ಇಳಿಸಿ ಸಿಕ್ಕು ಬಿಡಿಸುತ್ತದೆ. ಇವತ್ತಿನ ಶಾಂಪೂ ಆದ ಮೇಲೆ ಕಂಡಿಷನರ್ ಹಚ್ಚುವ ಲೆಕ್ಕವೇ. ಅಜ್ಜಿ ಮಾತ್ರ ಗಂಡಸರ ತಲೆಗೆ ಬರೀ ಚಿಗರೆ ಸಾಕು ಎನ್ನುತ್ತಿದ್ದಳು. ಸೀಗೆ ದುಬಾರಿ, ಚಿಗರೆ ಬಿಟ್ಟಿ ಎನ್ನುವುದು ಅದರ ಒಳಗುಟ್ಟು.

ಸೀಗೆಗೆ ಹಣ ತೆರಬೇಕಿತ್ತು, ತೆರಲೂಬೇಕು. ಅದು ಗಿಡವಲ್ಲ, ಮರವನ್ನೇ ಹತ್ತಿಹೋಗುವ ದೊಡ್ಡ ಬಳ್ಳಿ, ಮೈತುಂಬ ಕೊಕ್ಕೆ ಮುಳ್ಳು. ಮುಳ್ಳು ಹಿಮ್ಮುಖವಾಗಿ ಬಾಗಿರುವುದರಿಂದ ಚುಚ್ಚುವುದಕ್ಕಿಂತ ಹಿಡಿದುಕೊಳ್ಳುವುದೇ ಹೆಚ್ಚು. ಬಿಡಿಸಿಕೊಳ್ಳಲು ಎಳೆದಷ್ಟೂ ಬಟ್ಟೆ, ಚರ್ಮ ಎರಡೂ ಸೀಳುತ್ತವೆ. ಚಳಿ ಹಿಂದಾಗಿ ಬಿಸಿಲು ಬಲಿಯುವ ಹೊತ್ತಿಗೆ ಬೆಟ್ಟದ ಸೋಲಿಗರು ಕಾಯಿ ತರುತ್ತಿದ್ದರು. ನಮ್ಮ ಮನೆಗೆ ವರ್ಷವೂ ಬರುತ್ತಿದ್ದ ಸೋಲಿಗರ ಹೆಂಗಸಿನ ಮುಂಗೈ ಮೇಲೆ ಮೊಣಕೈವರೆಗೂ ತೆಳ್ಳಗೆ ಬಿಳಿ ಗೀರುಗಳಿದ್ದವು, ಹಳೆಯವು, ಹೊಸವು, ಒಂದರ ಮೇಲೊಂದು. ಮಕ್ಕಳಾದ ನಮಗೆ ಅದು ಹಚ್ಚೆಯಂತೆ ಕಾಣುತ್ತಿತ್ತು. ಅವಳ ಗಂಟಿನಲ್ಲಿ ಅಂಟುವಾಳವೂ ಇರುತ್ತಿತ್ತು. ಅದನ್ನು ನಮ್ಮಲ್ಲಿ ತಲೆಗಿಂತ ಹೆಚ್ಚಾಗಿ ಕೊಳ್ಳೇಗಾಲದ ರೇಷ್ಮೆ ಸೀರೆ ಒಗೆಯಲು ಇಟ್ಟುಕೊಳ್ಳುತ್ತಿದ್ದರು, ಅಕ್ಕಸಾಲಿಗರು ಒಡವೆ ತೊಳೆಯಲು ಕೇಳಿ ಒಯ್ಯುತ್ತಿದ್ದರು. ಒಳಗಿನ ಕರಿ ಬೀಜ ನಮ್ಮ ಪಾಲು, ಗೋಲಿಯಾಟಕ್ಕೆ.

ಅಜ್ಜಿ ಆಕೆಗೆ ರಾಗಿಯನ್ನೂ ದುಡ್ಡನ್ನೂ ಸೇರಿಸಿ ಕೊಡುತ್ತಿದ್ದಳು, ಚೌಕಾಸಿಯನ್ನೂ ಮಾಡುತ್ತಿದ್ದಳು. ಸೋಲಿಗರು ಹೆಚ್ಚಿನ ಪಾಲನ್ನು ಕೊಡುತ್ತಿದ್ದುದು ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ. ಜೇನು, ನೆಲ್ಲಿ, ಸೀಗೆ, ಅಂಟುವಾಳ, ಪಾಚಿ ಎಲ್ಲ ಅಲ್ಲಿ ತೂಕವಾಗಿ ಹೊರಗಿನ ವ್ಯಾಪಾರಿಗಳಿಗೆ ಹೋಗುತ್ತಿತ್ತು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಗಿ, 2004ರ ಹೊತ್ತಿಗೆ ಬೆಟ್ಟದ ಅಭಯಾರಣ್ಯದೊಳಗೆ ಮಾರಾಟಕ್ಕೆ ಕಾಡುತ್ಪನ್ನ ತೆಗೆಯುವುದೇ ನಿಂತಿತು. ಕಾಡನ್ನೇ ನಂಬಿದ್ದ ಎಷ್ಟೋ ಮಂದಿ ಕೂಲಿ ಹುಡುಕಿಕೊಂಡು ಬೆಟ್ಟ ಇಳಿದರು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಸಮುದಾಯ ಹಕ್ಕುಪತ್ರ ಸಿಕ್ಕಿತು. ಅದೇ ವರ್ಷ ಆ ಕಾಡು ಹುಲಿ ಮೀಸಲು ಪ್ರದೇಶವೂ ಆಯಿತು. ಮನೆಯಲ್ಲೇ ಮಾಡಿಕೊಂಡೆವು, ಎಲ್ಲ ನಮ್ಮ ಕೈಯದೇ ಎಂದು ಹೇಳಿಕೊಳ್ಳುವವರನ್ನು ಕಂಡಾಗ ನನಗೆ ಆ ಮುಂಗೈ ನೆನಪಾಗುತ್ತದೆ. ಪುಡಿ ಮಾಡಿದ್ದು ನಾವು, ಅಷ್ಟೆ.

ಪುಡಿ ಮಾಡುವುದೂ ಸಣ್ಣ ಕೆಲಸವೇನಲ್ಲ. ಕಾಯಿಯನ್ನು ಚಾಪೆಯ ಮೇಲೆ ಹರವಿ, ಅಲುಗಿಸಿದರೆ ಗಲಗಲ ಎನ್ನುವವರೆಗೆ ಬಿಸಿಲು ಕಾಣಿಸಬೇಕು. ಆಮೇಲೆ ಒಂದೊಂದನ್ನೇ ಮುರಿದು ಬೀಜ ತೆಗೆಯಬೇಕು. ಬೀಜ ಗಟ್ಟಿ, ಅದು ಸೇರಿದರೆ ಪುಡಿ ತರಿತರಿಯಾಗಿ ನೆತ್ತಿ ಗೀರುತ್ತದೆ. ಈ ಮುರಿಯುವ ಕೆಲಸ ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ. ಅತ್ತೆಯರು, ದೊಡ್ಡಮ್ಮ, ಪಕ್ಕದ ಮನೆಯವರು ಎಲ್ಲ ಕೂತು ಮಾತಾಡುತ್ತ ಮುರಿಯುವುದು. ಊರಿನ ಅರ್ಧ ಸುದ್ದಿ ನನಗೆ ತಿಳಿದದ್ದು ಸೀಗೆ ಬೀಜ ಆರಿಸುವಾಗಲೇ. ಆಮೇಲೆ ಅದಕ್ಕೆ ಹದ ನೋಡಿ ಮೆಂತ್ಯ, ಹೆಸರುಕಾಳು, ಒಣಗಿದ ದಾಸವಾಳದ ಹೂ, ಕಚೋರ, ನಿಂಬೆ ಸಿಪ್ಪೆ ಸೇರಿಸುವುದು. ಎಷ್ಟೆಷ್ಟು ಎನ್ನುವುದರಲ್ಲಿ ಒಬ್ಬೊಬ್ಬರದೂ ಒಂದೊಂದು ಲೆಕ್ಕ. ಅಜ್ಜಿಯದು ಎರಡು ಸೇರು ಸೀಗೆಗೆ ಅರ್ಧ ಪಾವು ಮೆಂತ್ಯ, ಅಷ್ಟೇ ಹೆಸರುಕಾಳು. ಅತ್ತೆ ಮೆಂತ್ಯ ಜಾಸ್ತಿ ಹಾಕಬೇಕು ಎನ್ನುತ್ತಿದ್ದರು. ಅತ್ತೆಯ ಪುಡಿ ಕೂದಲಿಗೆ ಹಿತವಾಗಿತ್ತು ನಿಜ, ತೊಳೆದು ತೆಗೆಯಲು ಮಾತ್ರ ಇನ್ನೂ ಒಂದು ಬಿಂದಿಗೆ ನೀರು ಬೇಕಾಗುತ್ತಿತ್ತು.

ಸೀಗೆ ಕುಟ್ಟುವ ಕಾಲ ನನ್ನ ತಾಯಿಯ ಬಾಲ್ಯಕ್ಕೇ ಮುಗಿದಿತ್ತು. ನನಗೆ ಗೊತ್ತಿರುವುದು ಮಿಷನ್ ಮನೆ. ರಾಗಿ ಬೀಸುವ ಮಿಷನ್ನಿಗೆ ಸೀಗೆ ಹಾಕಲು ಯಾವ ಮಿಷನ್ನಿನವನೂ ಒಪ್ಪುವುದಿಲ್ಲ. ಹಾಕಿದರೆ ಹಿಂದೆಯೇ ಬರುವ ಹಿಟ್ಟು ಕಹಿ. ಆದ್ದರಿಂದ ಸೀಗೆಗೆ, ಖಾರದಪುಡಿಗೆ ಬೇರೆ ಬೇರೆ ಮಿಷನ್ನು, ಇಲ್ಲದ ಕಡೆ ಬೇರೆ ದಿನ. ನಮ್ಮೂರಲ್ಲಿ ಸಂತೆಯ ಮಾರನೆಯ ದಿನ ಸೀಗೆಯದು. ಅವತ್ತು ಆ ಬೀದಿಗೆ ಕಾಲಿಡುವ ಮೊದಲೇ ಸೀನು ಶುರು. ಮಿಷನ್ನಿನವನು ಮೂಗಿಗೆ ಟವೆಲು ಬಿಗಿದು, ಹುಬ್ಬು, ಮೀಸೆ, ಕಣ್ರೆಪ್ಪೆಯೆಲ್ಲ ಕಂದು ಧೂಳು ಮೆತ್ತಿಕೊಂಡು ನಿಂತಿರುತ್ತಿದ್ದ. ಬಿಸಿಬಿಸಿಯಾಗಿ ಬಂದ ಪುಡಿಯನ್ನು ಹಾಗೇ ಡಬ್ಬಕ್ಕೆ ತುಂಬಲು ಅಜ್ಜಿ ಬಿಡುತ್ತಿರಲಿಲ್ಲ. ಹಳೆ ಪಂಚೆಯ ಮೇಲೆ ಹರವಿ ಪೂರಾ ಆರಿಸಿದ ಮೇಲೆಯೇ ಮುಚ್ಚಳ. ಬಿಸಿಯಲ್ಲಿ ಮುಚ್ಚಿದರೆ ಒಳಗೇ ಬೆವರುತ್ತದೆ, ಬೆವರಿದರೆ ಗಂಟು ಕಟ್ಟಿ ಹುಳ ಬೀಳುತ್ತದೆ. ಅದೂ ನೀರೇ ತಾನೆ.

ಎಣ್ಣೆಯ ಕಡೆ ಬಂದರೆ ಈ ನೀರಿನ ಭಯ ಇನ್ನೂ ಜೋರು. ಹರಳನ್ನು ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳಿನ ಜೊತೆಗೆ ಹಾಕುತ್ತಿದ್ದರು. ಬೀಜ ಹುರಿದು, ಕುಟ್ಟಿ, ಹಿತ್ತಲ ಒಲೆಯ ಮೇಲೆ ದೊಡ್ಡ ಮಡಕೆಯಲ್ಲಿ ನೀರು ಹಾಕಿ ಕುದಿಸುವುದು. ಎಣ್ಣೆ ಮೇಲೆ ತೇಲುತ್ತದೆ, ಅದನ್ನು ಸೌಟಿನಲ್ಲಿ ಬಳಿದು ಬೇರೆ ಪಾತ್ರೆಗೆ ತೆಗೆದು ಮತ್ತೆ ಕಾಯಿಸುವುದು. ನೀರಿನಿಂದಲೇ ಹುಟ್ಟಿಸಿ, ಆಮೇಲೆ ನೀರನ್ನು ಒಂದು ತೊಟ್ಟೂ ಉಳಿಯದಂತೆ ಓಡಿಸುವ ಕೆಲಸ ಅದು. ಹರಳಿನ ಹಿಂಡಿಯನ್ನು ದನಕ್ಕೆ ಮುಟ್ಟಿಸದೆ ತಿಪ್ಪೆಗೆ ಹಾಕುತ್ತಿದ್ದರು. ಬೀಜದ ವಿಷ ಎಣ್ಣೆಗೆ ಇಳಿಯದೆ ಹಿಂಡಿಯಲ್ಲೇ ಉಳಿಯುತ್ತದೆಂಬುದು ಪುಸ್ತಕ ಓದದವರಿಗೂ ಗೊತ್ತಿತ್ತು.

ಕೊಬ್ಬರಿ ಎಣ್ಣೆಗೆ ಸೊಪ್ಪು ಹಾಕಿ ಕಾಯಿಸುವ ದಿನ ನನ್ನ ಕೆಲಸ ಗರಗ ಕೀಳುವುದು. ಪುಸ್ತಕದಲ್ಲಿ ಭೃಂಗರಾಜ ಎಂದು ದೊಡ್ಡ ಹೆಸರಿರುವ ಈ ಗಿಡ ಗದ್ದೆ ಬದುವಿನ ಕೆಸರಲ್ಲಿ ತೆವಳಿಕೊಂಡಿರುತ್ತದೆ. ಗುಂಡಿಯಷ್ಟು ಬಿಳಿ ಹೂವು. ಕಿತ್ತಾಗ ಕೈಗೆ ಹತ್ತಿದ ರಸ ಮೊದಲು ಹಸಿರು, ಮನೆ ಸೇರುವ ಹೊತ್ತಿಗೆ ಕಪ್ಪು. ಸೊಪ್ಪು ಅರೆದು ಹಿಂಡಿದ ರಸ, ಕರಿಬೇವು, ದಾಸವಾಳದ ಎಲೆ, ಚಿಟಿಕೆ ಮೆಂತ್ಯ ಎಲ್ಲವೂ ಕಬ್ಬಿಣದ ಬಾಣಲೆಯ ಎಣ್ಣೆಗೆ ಬಿದ್ದರೆ ಮೊದಲು ಭೋರೆಂದು ಉಕ್ಕು. ಉರಿ ಸಣ್ಣ ಮಾಡಿ ಕೂರಬೇಕು. ಗಂಟೆಗಟ್ಟಲೆ ಚಟಪಟ ಸದ್ದು, ಸದ್ದು ಕಡಿಮೆಯಾದಂತೆ ಸೊಪ್ಪಿನ ಚರಟ ಗರಿಗರಿಯಾಗುತ್ತ ತಳಕ್ಕಿಳಿಯುತ್ತದೆ. ಇನ್ನೇನು ಆಯಿತೆಂದು ನಮಗೆ ಅನಿಸಿದಾಗ ಅಜ್ಜಿಯ ಪರೀಕ್ಷೆ ಇರುತ್ತಿತ್ತು. ಸೌಟಿನ ತುದಿಯಲ್ಲಿ ಒಂದಿಷ್ಟು ಚರಟ ತೆಗೆದು, ಆರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯುತ್ತಿದ್ದಳು. ಬತ್ತಿಯಾಗಿ ಹೊಸೆದುಕೊಂಡರೆ ಅದನ್ನು ಒಲೆಯ ಉರಿಗೆ ಹಿಡಿಯುವುದು. ಚಿಟಚಿಟ ಎಂದರೆ ಇನ್ನೂ ನೀರಿದೆ, ಮತ್ತೆ ಕಾಯಿಸು. ಸದ್ದಿಲ್ಲದೆ ಹತ್ತಿಕೊಂಡು ಉರಿದರೆ ಆಯಿತು, ತಕ್ಷಣ ಬಾಣಲೆ ಇಳಿಸು, ತಡವಾದರೆ ಸೀಯುತ್ತದೆ.

ಎಷ್ಟೋ ವರ್ಷಗಳ ಮೇಲೆ ಆಯುರ್ವೇದ ಓದುತ್ತಿದ್ದ ತಂಗಿಯ ಮಗಳ ಪುಸ್ತಕ ತಿರುವಿ ಹಾಕುವಾಗ ಶಾರ್ಙ್ಗಧರ ಸಂಹಿತೆಯಲ್ಲಿ ಇದೇ ಪರೀಕ್ಷೆ ಸಿಕ್ಕಿತು. ಕಲ್ಕ, ಅಂದರೆ ಎಣ್ಣೆಗೆ ಹಾಕಿದ ಸೊಪ್ಪಿನ ಮುದ್ದೆ, ಬೆರಳಲ್ಲಿ ಬತ್ತಿಯಾಗಬೇಕು, ಬೆಂಕಿಗೆ ಹಾಕಿದರೆ ಸದ್ದು ಮಾಡಬಾರದು ಎಂದು. ತೈಲಪಾಕದಲ್ಲಿ ಮೃದು, ಮಧ್ಯಮ, ಖರ ಎಂದು ಮೂರು ಹದಗಳ ಲೆಕ್ಕವೂ ಅಲ್ಲಿದೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಪಂಡಿತರಿಂದ ಅಡುಗೆಮನೆಗೆ ಬಂತೋ, ಅಡುಗೆಮನೆಯಿಂದ ಪಂಡಿತರಿಗೆ ಹೋಯಿತೋ, ಎರಡೂ ಆಗಬಹುದಾದ್ದೇ. ನಾನಂತೂ ಎರಡನೆಯದರ ಕಡೆ ವಾಲುತ್ತೇನೆ. ಗಂಟೆಗಟ್ಟಲೆ ಬಾಣಲೆಯ ಮುಂದೆ ಕೂತವರಿಗೆ ಮಾತ್ರ ಸದ್ದಿನ ವ್ಯತ್ಯಾಸ ಹೊಳೆಯುತ್ತದೆ.

ಇಷ್ಟೆಲ್ಲ ಜೋಪಾನವಾಗಿ ನೀರಿನಿಂದ ದೂರ ಇಟ್ಟಿದ್ದಕ್ಕೆ ನೀರು ಸೇರುತ್ತಿದ್ದುದು ಬಚ್ಚಲಿನಲ್ಲಿ, ಅದೂ ಅವತ್ತಿಗೆ ಬೇಕಾದಷ್ಟಕ್ಕೆ ಮಾತ್ರ. ಹೆಂಗಸರಿಗೆ ಮಂಗಳವಾರ ಇಲ್ಲವೇ ಶುಕ್ರವಾರ, ಗಂಡಸರಿಗೆ ಶನಿವಾರ. ಬೆಳಗ್ಗೆ ನಾಲ್ಕಕ್ಕೇ ಹಂಡೆ ಒಲೆಗೆ ಬೆಂಕಿ. ಎಣ್ಣೆ ನೆತ್ತಿಗೆ ತಟ್ಟಿ ತಟ್ಟಿ ಇಂಗಿಸಿ, ಕಣ್ಣು ಮಂಪರಾಗುವವರೆಗೆ ಕೂರಿಸುವುದು. ಸೀಗೆಪುಡಿಯನ್ನು ಬಿಸಿ ಗಂಜಿಯಲ್ಲಿ ಕಲಸಿಡುತ್ತಿದ್ದರು, ನೀರಿಗಿಂತ ಗಂಜಿಯಲ್ಲಿ ಅದು ಚೆನ್ನಾಗಿ ಬಿಟ್ಟುಕೊಳ್ಳುತ್ತದೆ, ಕೂದಲಿಗೂ ನಯ. ಆಮೇಲಿನದು ಯಾತನೆ. ಎಷ್ಟೇ ಬಿಗಿಯಾಗಿ ಕಣ್ಣು ಮುಚ್ಚಿದರೂ ಸೀಗೆ ಒಳಗೆ ಹೋಗುವ ದಾರಿ ಹುಡುಕಿಕೊಳ್ಳುತ್ತದೆ. ಅಜ್ಜಿಯ ಮೊಣಕಾಲ ಸಂದಿಯಲ್ಲಿ ನಮ್ಮ ತಲೆ ಸಿಕ್ಕಿಸಿಕೊಂಡಿರುತ್ತಿತ್ತು, ಓಡುವಂತಿಲ್ಲ. ಅತ್ತರೆ “ಕಣ್ಣು ತೊಳೀತದ, ಸುಮ್ನಿರು” ಎಂಬ ಸಮಾಧಾನ. ಬಾಣಂತಿಯರಿಗಾದರೆ ತೊಳೆದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಬುಟ್ಟಿ ಕವುಚಿ, ಅದರ ಮೇಲೆ ಕೂದಲು ಹರವಿ ಒಣಗಿಸುವುದೂ ಇತ್ತು.

ಆಗ ಎಲ್ಲ ಚೆನ್ನಾಗಿತ್ತು ಎಂದು ಹೇಳುವವರು ಸಾಮಾನ್ಯವಾಗಿ ಹಂಡೆಯ ಒಳಗಿನ ನೀರಿನ ಮಾತಾಡುತ್ತಾರೆ, ಅದನ್ನು ತುಂಬಿದವರ ಮಾತಾಡುವುದಿಲ್ಲ. ಸೇದುವ ಬಾವಿ ಮನೆಯಿಂದ ಒಂದು ಬೀದಿ ದೂರ. ಉದ್ದ ಕೂದಲಿನ ಒಂದು ತಲೆಗೆ ನಾಲ್ಕೈದು ಬಿಂದಿಗೆ ನೀರು. ಸೊಸೆಯರು ಅತ್ತೆಯ ತಲೆ ತೊಳೆದು, ಮಕ್ಕಳ ತಲೆ ತೊಳೆದು, ತಮ್ಮ ಸರದಿ ಬರುವಾಗ ಹಂಡೆಯ ತಳ ಕಾಣುತ್ತಿತ್ತು. ಎರಡನೆಯ ಚಿಕ್ಕಮ್ಮ ತಣ್ಣೀರಲ್ಲಿ ಸೀಗೆ ತೊಳೆದುಕೊಂಡು ದಿನವೆಲ್ಲ ತಲೆನೋವು ಎಂದು ಮಲಗುತ್ತಿದ್ದುದನ್ನು ನಾನು ನೋಡಿದ್ದೇನೆ.

ಆದ್ದರಿಂದ ಶಾಂಪೂ ಪೊಟ್ಟಣ ಬಂದಾಗ ನನ್ನ ತಾಯಿ ಪಟ್ಟ ಸಂತೋಷವನ್ನು ಯಾರೂ ಹಳಿಯಬಾರದು. ಸ್ಯಾಷೆಯಲ್ಲಿ ಶಾಂಪೂ ಮಾರುವ ಉಪಾಯಕ್ಕೆ ದಾರಿ ತೋರಿಸಿದವರು ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ಶುರು ಮಾಡಿದರು. ಕೆಲವೇ ವರ್ಷಗಳಲ್ಲಿ ನಮ್ಮೂರ ಚಿಲ್ಲರೆ ಅಂಗಡಿಯ ಮುಂದೆ ಪೊಟ್ಟಣಗಳ ಸರ ತೂಗಾಡತೊಡಗಿತು. ಅಮ್ಮ ಪ್ರೈಮರಿ ಶಾಲೆಯ ಟೀಚರ್. ಶುಕ್ರವಾರ ಎಣ್ಣೆ ನೀರು ಹಾಕಿಕೊಂಡು, ಒಣಗದ ಜಡೆಯಲ್ಲಿ ಬಸ್ ಹತ್ತಿ, ಸಂಜೆಗೆ ನೆಗಡಿ ಹಿಡಿಸಿಕೊಂಡು ಬರುತ್ತಿದ್ದವಳು. “ಒಂದ್ ಪೊಟ್ಟಣ, ಎರಡ್ ಬಿಂದಿಗೆ, ಮುಗೀತು” ಎಂದು ಅವಳು ಹೇಳಿದ್ದು ಅಜ್ಜಿಗೆ ಕೇಳಿಸಲೆಂದೇ. ಅಜ್ಜಿ ಪೊಟ್ಟಣ ಹರಿದು ಮೂಸಿ, ಬೆರಳಿಗೆ ಬಿಟ್ಟುಕೊಂಡು ಉಜ್ಜಿ, “ಇದ್ರಲ್ಲಿ ನೀರದ, ಅದ್ಯಾಕ ಕೆಡ್ನಿಲ್ಲ?” ಎಂದು ಕೇಳಿದಳು.

ಆ ಪ್ರಶ್ನೆ ಎಷ್ಟು ಸರಿಯಾದದ್ದೆಂದು ಅವತ್ತು ಯಾರಿಗೂ ತಿಳಿಯಲಿಲ್ಲ.

ಅದರ ಉತ್ತರಕ್ಕೆ ಮೊದಲು ಇವು ತಲೆ ತೊಳೆಯುವ ಬಗೆ ಹೇಳಬೇಕು. ಸೀಗೆ, ಅಂಟುವಾಳ, ಚಿಗರೆ ಮೂರರಲ್ಲೂ ನೊರೆ ಬರಿಸುವುದು ಸಪೋನಿನ್ ಎಂಬ ವಸ್ತು. ಅದರ ಒಂದು ತುದಿ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ನೀರನ್ನು, ತೊಳೆದಾಗ ಎಣ್ಣೆ ನೀರಿನ ಜೊತೆ ಹೊರಟುಹೋಗುತ್ತದೆ. ಸಾಬೂನು ಮಾಡುವುದೂ ಇದನ್ನೇ, ಆದರೆ ಗಡಸು ನೀರಿನಲ್ಲಿ ಅದರ ಆಟ ನಡೆಯುವುದಿಲ್ಲ. ನೀರಿನ ಸುಣ್ಣದಂಶದ ಜೊತೆ ಸೇರಿ ಕೂದಲ ಮೇಲೆ ಅಂಟಂಟು ಕಟ್ಟಿಕೊಳ್ಳುತ್ತದೆ. ಊರಿಗೆ ಬೋರ್‌ವೆಲ್ ಬಂದ ಹೊಸದರಲ್ಲಿ ಬಟ್ಟೆ ಸಾಬೂನನ್ನೇ ತಲೆಗೆ ಹಾಕಿಕೊಂಡ ಗಂಡಸರ ಕೂದಲು ಹಗ್ಗವಾದದ್ದು ಹೀಗೆ. ಸಪೋನಿನ್‌ಗೆ ಆ ತಾಪತ್ರಯವಿಲ್ಲ. ಬಾವಿ ನೀರಾಗಲಿ ಬೋರ್ ನೀರಾಗಲಿ ಸೀಗೆ ಒಂದೇ ತರ. ಅಷ್ಟಲ್ಲದೆ ಸೀಗೆ ತುಸು ಹುಳಿಯ ಗುಣದ್ದು, ಸಾಬೂನಿನಂತೆ ಕ್ಷಾರವಲ್ಲ. ಕೂದಲಿನ ಹೊರಪದರ ಅದರಲ್ಲಿ ಉಬ್ಬಿ ಒರಟಾಗುವುದಿಲ್ಲ. ಸೀಗೆಯ ಪರ ನನ್ನ ವಾದ ಇಷ್ಟೇ. ಇದಕ್ಕಿಂತ ಹೆಚ್ಚು ಹೇಳಿದರೆ ಜಾಹೀರಾತಾಗುತ್ತದೆ.

ಜಾಹೀರಾತಿನ ಮಾತು ಬಂದದ್ದಕ್ಕೆ ಹೇಳಬೇಕು. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಸೊಸೆ ಮನೆಯಲ್ಲೇ ಶಾಂಪೂ ಮಾಡಲು ಹೊರಟಳು. ಸೀಗೆ, ಅಂಟುವಾಳ ಕುದಿಸಿದ ಕಷಾಯಕ್ಕೆ ಲೋಳೆಸರ, ದಾಸವಾಳ ರುಬ್ಬಿ ಸೋಸಿ, ಚಂದದ ಬಾಟಲಿಗೆ ತುಂಬಿ, ಲೇಬಲ್ ಅಂಟಿಸಿ ಅಪಾರ್ಟ್‌ಮೆಂಟಿನವರಿಗೆಲ್ಲ ಕೊಟ್ಟಳು. ಒಂದು ವಾರಕ್ಕೆ ಫೋನು, “ಅಕ್ಕಾ, ಮುಚ್ಚಳ ತೆಗುದ್ರೆ ಬುಸ್ ಅಂತ ಉಕ್ಕುತ್ತೆ, ಸಾರು ಹಳಸಿದ ವಾಸನೆ.” ಇನ್ನೊಬ್ಬರ ಬಾಟಲಿಯಲ್ಲಿ ಬೂದು ಬೂಷ್ಟು ತೇಲುತ್ತಿತ್ತಂತೆ. ಆಗುವುದೇ ಹಾಗೆ. ಸೊಪ್ಪಿನ ರಸ, ಗಂಜಿ, ಲೋಳೆ ಅಂದರೆ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಫ್ರಿಜ್ಜಿನಲ್ಲಿಟ್ಟರೂ ಎರಡು ಮೂರು ದಿನ, ಅದಕ್ಕಿಂತ ಹೆಚ್ಚಿಲ್ಲ. ಬೂಷ್ಟನ್ನು ಮೇಲಿನಿಂದ ತೆಗೆದು ಬಳಸುವವರಿದ್ದಾರೆ, ನೆತ್ತಿಯಲ್ಲಿ ಒಂದು ಗಾಯವಿದ್ದರೆ ಅದರ ಪರಿಣಾಮ ಗೊತ್ತಾಗುತ್ತದೆ. ಅಜ್ಜಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಾಟಲಿಯಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಾದರೆ ಸಂರಕ್ಷಕ ಹಾಕಲೇಬೇಕು, ಹಾಕಿದರೆ ‘ಕೆಮಿಕಲ್ ಇಲ್ಲ’ ಎಂದು ಲೇಬಲ್ಲಿನಲ್ಲಿ ಬರೆಯುವಂತಿಲ್ಲ. ಹಾಕದೆ ಬರೆದರೆ ಬುಸ್ ಎನ್ನುತ್ತದೆ. ಇದರ ಮೇಲೆ ಕಾನೂನೂ ಇದೆ. ನಮ್ಮ ತಲೆಗೆ ನಾವು ಏನು ಮಾಡಿಕೊಂಡರೂ ಕೇಳುವವರಿಲ್ಲ, ಮಾರಲು ಮಾಡಿದರೆ 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯಡಿ ಪರವಾನಗಿ ಬೇಕು. ಅವಳಿಗೆ ನಾನು ಹೇಳಿದ್ದು, ಪುಡಿ ಮಾಡಿ ಕೊಡು, ನೀರು ಅವರವರೇ ಹಾಕಿಕೊಳ್ಳಲಿ. “ಪುಡಿ ಯಾರಿಗ್ ಬೇಕಕ್ಕ, ಬಾಟ್ಲಿಗೇ ದುಡ್ಡು ಕೊಡೋದು ಜನ” ಎಂದಳು. ಅದೂ ನಿಜವೇ.

ಮನೆಮದ್ದೆಂದರೆ ಎಲ್ಲ ನಿರಪಾಯ ಎಂಬ ನಂಬಿಕೆ ಅಜ್ಜಿಗಿರಲಿಲ್ಲ. ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ತಲೆತುಂಬ ಹೇನು ತಂದೆ. ಪಕ್ಕದ ಮನೆಯವರು ಸೀತಾಫಲದ ಬೀಜ ಅರೆದು ಹಚ್ಚಿ ಎಂದು ಹೇಳಿದಾಗ ಅಜ್ಜಿ ಖಡಾಖಂಡಿತವಾಗಿ ಬೇಡವೆಂದಳು. ಅವಳ ತವರಿನಲ್ಲಿ ಯಾರದೋ ಕಣ್ಣಿಗೆ ಅದು ಇಳಿದು ದೃಷ್ಟಿಯೇ ಮಂದವಾಗಿತ್ತಂತೆ. ಸೀತಾಫಲದ ಬೀಜದ ಪುಡಿ ಕಣ್ಣಿನ ಪಾರದರ್ಶಕ ಪದರವನ್ನು ಸುಡುತ್ತದೆಂದು ಕಣ್ಣಿನ ವೈದ್ಯರೂ ಹೇಳುತ್ತಾರೆ. ನನಗೆ ಸಿಕ್ಕಿದ ಚಿಕಿತ್ಸೆ ಹರಳೆಣ್ಣೆ ಮತ್ತು ಸಣ್ಣ ಹಲ್ಲಿನ ಮರದ ಬಾಚಣಿಗೆ, ದಿನಾ ಸಂಜೆ, ಬಿಳಿ ಬಟ್ಟೆ ಹಾಸಿ.

ಕೂದಲು ಉದ್ದ ಬರುತ್ತದೆ ಎನ್ನುವ ಮಾತೂ ನಮ್ಮ ಮನೆಯಲ್ಲಿ ಕೇಳಿದ ನೆನಪಿಲ್ಲ. ಒಂದೇ ಗೂಡಿನ ಎಣ್ಣೆ ಹಚ್ಚಿಕೊಂಡು ದೊಡ್ಡಮ್ಮನ ಜಡೆ ಮಂಡಿ ಮುಟ್ಟುತ್ತಿತ್ತು, ಅತ್ತೆಯದು ಹೆಗಲು ದಾಟಲಿಲ್ಲ. “ಅವರವರ ಬೇರು” ಎನ್ನುತ್ತಿದ್ದರು. ಎಣ್ಣೆ ಕೂದಲನ್ನು ಮುರಿಯದಂತೆ ಕಾಯುತ್ತದೆ, ಮುರಿಯದಿದ್ದರೆ ಉದ್ದ ನಿಲ್ಲುತ್ತದೆ, ಅಷ್ಟರ ಮಟ್ಟಿಗೆ ಸರಿ. ನರೆಗೆ ಗೋರಂಟಿ ಇತ್ತು. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಚೆಟ್ಟಿನ ಪುಡಿ ನೆನೆಸಿ ರಾತ್ರಿಯಿಟ್ಟರೆ ಬೆಳಗ್ಗೆ ಶಾಯಿಯಷ್ಟು ಕಪ್ಪು. ನೆಲ್ಲಿಯ ಒಗರು ಕಬ್ಬಿಣದೊಡನೆ ಸೇರಿ ಆಗುವ ಬಣ್ಣ ಅದು. ಗೋರಂಟಿಗೆ ಅದನ್ನು ಬೆರೆಸಿ ಹಚ್ಚಿದರೆ ಕೆಂಪು ಕೊಂಚ ಕಂದಿಗೆ ತಿರುಗುತ್ತದೆ. ಇವತ್ತು ಪೇಟೆಯಲ್ಲಿ ‘ಕಪ್ಪು ಮೆಹೆಂದಿ’ ಎಂದು ಮಾರುವ ಪೊಟ್ಟಣಗಳಲ್ಲಿ ಹಲವಕ್ಕೆ ಆ ಕಪ್ಪು ಬರುವುದು ಪಿಪಿಡಿ ಎಂಬ ಕೃತಕ ಬಣ್ಣದಿಂದ. ನನ್ನ ಗೆಳತಿಯೊಬ್ಬಳ ಹಣೆ, ಕಣ್ರೆಪ್ಪೆ ಊದಿ ಎರಡು ದಿನ ಕಣ್ಣು ತೆರೆಯಲಾಗದೆ ಹೋದದ್ದು ಹಾಗೊಂದು ಪೊಟ್ಟಣದಿಂದ, ಅದರ ಮೇಲೆ ಎಲೆಯ ಚಿತ್ರವಿತ್ತು. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ, ಕಿವಿಯ ಹಿಂದೆ ಒಂದು ತೊಟ್ಟು ಹಚ್ಚಿ ಎರಡು ದಿನ ಕಾದು ನೋಡಿ ಎಂದು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಮೈಸೂರಿನ ಮನೆ ಮೂರನೆಯ ಮಹಡಿಯದು. ಇಲ್ಲಿ ಹಂಡೆಯಿಲ್ಲ, ಒಲೆಯಿಲ್ಲ, ಸೀಗೆಪುಡಿಗೆ ಪೈಪಿನ ಸಮಸ್ಯೆ ಬೇರೆ. ಬಚ್ಚಲ ಪೈಪು ಕಟ್ಟಿಕೊಂಡು ಕೆಳಗಿನ ಮನೆಯ ಸೂರು ತೊಟ್ಟಿಕ್ಕಿದಾಗ ಬಂದ ಪ್ಲಂಬರ್ ಕಂಬಿ ಹಾಕಿ ಎಳೆದು ಕಂದು ಉಂಡೆಯೊಂದನ್ನು ಹೊರತೆಗೆದು, “ಅಮ್ಮಾ, ಇದೇನು ರಾಗಿ ಮುದ್ದೆ ಹಾಕಿದ್ದೀರಾ?” ಎಂದು ಕೇಳಿದ. ಅಲ್ಲಿಂದಾಚೆ ಪುಡಿ ಬಿಟ್ಟು ಇಡೀ ಕಾಯಿಗೆ ಬಂದಿದ್ದೇನೆ. ಏಳೆಂಟು ಸೀಗೆಕಾಯಿ, ಎರಡು ಅಂಟುವಾಳದ ಸಿಪ್ಪೆ ರಾತ್ರಿ ಬಿಸಿ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಒಂದು ಕುದಿ ಬರಿಸಿ, ಕಿವುಚಿ ಬಟ್ಟೆಯಲ್ಲಿ ಸೋಸಿದರೆ ಕಂದು ರಸ ಸಿಗುತ್ತದೆ. ಕಣ್ಣಿಗೆ ಉರಿ ಮಾತ್ರ ಪುಡಿಗಿದ್ದಷ್ಟೇ. ಚರಟ ಗುಲಾಬಿ ಕುಂಡಕ್ಕೆ. ಉಳಿದ ರಸ ಸಂಜೆಗೆ ಪಾತ್ರೆ ತೊಳೆಯುವ ತೊಟ್ಟಿಗೆ, ನಾಳೆಗೆ ಇಡುವುದಿಲ್ಲ. ಮಗಳು ಆಫೀಸಿಗೆ ಹೋಗುವ ದಿನಗಳಲ್ಲಿ ಶಾಂಪೂ ಹಾಕಿಕೊಳ್ಳುತ್ತಾಳೆ, ಎಣ್ಣೆ ಹಚ್ಚಿದ ಭಾನುವಾರಗಳಲ್ಲಿ ಚಿಗರೆ ಕೇಳುತ್ತಾಳೆ, ಸೀಗೆ ಕಣ್ಣುರಿ ಎಂದು ಮುಟ್ಟುವುದಿಲ್ಲ. ನಾನು ಒತ್ತಾಯ ಮಾಡುವುದಿಲ್ಲ.

ಸಾಮಾನೆಲ್ಲ ದೇವರಾಜ ಮಾರ್ಕೆಟ್ಟಿನ ಗ್ರಂದಿಗೆ ಅಂಗಡಿಯಿಂದ. ಸೀಗೆಯನ್ನು ಮುರಿದು ನೋಡಿಯೇ ಕೊಳ್ಳುವುದು, ಟಪ್ ಎಂದು ಮುರಿಯಬೇಕು, ಒಳಗೆ ಹುಳ ಕೊರೆದ ಹುಡಿ ಇರಬಾರದು. ಚಿಗರೆಯಲ್ಲಿ ಮೋಸ ಹೆಚ್ಚು. ಕಳೆದ ಸಲ ಕೊಟ್ಟದ್ದು ಹಳೆಯ ಮಾಲು, ಅರ್ಧ ಹಳದಿಗೆ ತಿರುಗಿತ್ತು, ಕಲಸಿದರೆ ಲೋಳೆಯೇ ಏಳಲಿಲ್ಲ. ಈ ಸಲ ಅಂಗಡಿಯವರೆದುರೇ ಒಂದು ಚಿಟಿಕೆ ನೀರಲ್ಲಿ ಕಲಸಿ ನೋಡಿ, ಜಾರಿದರೆ ಮಾತ್ರ ತರುವುದೆಂದು ನಿಶ್ಚಯಿಸಿದ್ದೇನೆ. ಅವರು ಮುಖ ಗಂಟಿಕ್ಕಿಕೊಂಡರೆ ಪಕ್ಕದಲ್ಲೇ ಇನ್ನೊಂದು ಅಂಗಡಿ ಇದೆ.